ಅಂಬರಾಯನ ವಾಕ್ಯ

ಸೀಮೆಸುಣ್ಣ ಕಿರ್ರೆನ್ನುತ್ತಿದೆ, ಹಲ್ಲು ಜುಮ್ಮೆನ್ನುತ್ತವೆ, ಮಾಲ್ ಗೋದಾಮಿನ ಮೂಲೆಯ ಕರಿಹಲಗೆಯ ಮೇಲೆ ಇಸಾಕ ಮಾಸ್ತರರು ಈಟ್ ಎಂದು ಬರೆದು ಕೆಳಗೆ ಗೆರೆ ಎಳೆದರು, ಈಟ್ ಅಂದ್ರ ಉಣ್ಣೂದು, ತಿನ್ನೂದು, ಎಲ್ಲಾದಕ್ಕೂ ಇದೊಂದೇ ಶಬ್ದ ನೋಡ್ರಿ ಎನ್ನುತ್ತಿದ್ದಾರೆ — ಹೊಟ್ಟೆ ತಾಳ ಹಾಕುವ ಹೊತ್ತಿಗೆ ಇವರಿಗೆ ಈ ಶಬ್ದವೇ ಬೇಕಿತ್ತೇ, ಅದೂ ಬುಧವಾರ, ಬುಧವಾರವೆಂದರೆ ಕ್ಲಾಸು ಮುಗಿದ ಮೇಲೆ ಗೆಳೆಯ ಅಂಬರಾಯನ ಮನೆಯಲ್ಲಿ ಊಟ, ಅವನ ಅವ್ವ ಹೀರಾಬಾಯಿ ಬಡಿದ ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದಿಷ್ಟು ಶೇಂಗಾ ಹಿಂಡಿ. ಇದು ವಾಡಿಯಲ್ಲಿ ನಮ್ಮ ಮೂವರ ಹೊರತು ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂಬಾರದು, ನಾನು ಲಿಂಗ ಕಟ್ಟಿಕೊಂಡವನು, ಅವರು ಕಾಗಿಣಾ ಹೊಳೆಯ ದಂಡೆಯಲ್ಲಿ ಬಲೆ ಬೀಸಿದ ಮನೆತನ. ನಿಜಾಮರ ರೈಲು ಹೋಗಿ ದಿಲ್ಲಿಯ ರೈಲು ಬಂದದ್ದೇ ತಡ, ಉರ್ದು ಓದಿದ ನಾವು ರೈಲ್ವೆ ನೌಕರರೆಲ್ಲ ಇಂಗ್ಲಿಷ್ ಬಾರದೆ ಒಂದೇ ಸಲಕ್ಕೆ ಅನಕ್ಷರಸ್ಥರಾದೆವು, ಹಾಗಾಗಿ ಹೆಡ್ ಗುಮಾಸ್ತ ಬಸವಂತರಾಯರೂ ಈ ವಯಸ್ಸಿನಲ್ಲಿ ಮುಂದಿನ ಬೆಂಚಿನ ಮೇಲೆ ಕೂತಿದ್ದಾರೆ, ಐ ಈಟ್ ಬನಾನಾ ಎಂದು ಕೂಗಿ ಹೇಳಿ ಬೆವರು ಒರೆಸಿಕೊಳ್ಳುತ್ತಾರೆ, ನಗು ಬರುತ್ತದೆ, ನಗಬಾರದು, ಅವರ ಮಗಳು ಗುರುಲಿಂಗಮ್ಮನನ್ನು ನನಗೆ ಕೊಡುವ ಮಾತಾಗಿದೆ, ಬರುವ ಸೋಮವಾರ ನಿಶ್ಚಯ. ತಮ್ತಮ್ಮ ದಿನದ ಮಾತು ಹೇಳ್ರಿ, ಖರೇ ಇರಬೇಕು, ಸುಳ್ಳು ವಾಕ್ಯ ನಡಿಯಂಗಿಲ್ಲ, ಎನ್ನುತ್ತಾರೆ ಮಾಸ್ತರರು, ಆಗ ಅಂಬರಾಯ ಏಳುತ್ತಾನೆ, ನನ್ನ ಕಡೆ ತಿರುಗಿ ಹಲ್ಲು ಕಿಸಿಯುತ್ತಾನೆ, ಬ್ಯಾಡೋ ಮಾರಾಯಾ — ಕಲ್ಯಾಣಪ್ಪ ಈಟ್ಸ್ ಇನ್ ಮೈ ಹೌಸ್.

ನನ್ನ ಹೆಸರು ಹಿಡಿದು ಎಷ್ಟು ಖುಷಿಯಿಂದ ಹೇಳಿದ. ಖರೇ ಹೇಳು ಅಂದರೆ ಅವನ ದಿನದಲ್ಲಿ ಇದಕ್ಕಿಂತ ಖರೇ ಏನಿತ್ತು, ನಿನ್ನ ಸಲುವಾಗಿ ಬುಧವಾರ ನಮ್ಮ ಮನ್ಯಾಗ ಮೀನ ಬಂದ್ ಆಗ್ಯಾದಲೇ ಎಂದು ನನ್ನನ್ನು ಕಾಡಿಸುವವನು. ಹೋದ ಮಳೆಗಾಲ ನಾನು ಒಂಟಿಯಾಗಿ ಕ್ವಾರ್ಟರ್ಸಿನಲ್ಲಿ ಜ್ವರ ಬಂದು ಬಿದ್ದಾಗ, ನಮ್ಮವರು ಅನ್ನುವವರೆಲ್ಲ ಬಾಗಿಲಲ್ಲೇ ನಿಂತು ಹೆಂಗದೀರಿ ಎಂದು ಕೇಳಿ ಹೋದರು, ಒಳಗೆ ಬಂದವಳು ಹೀರಾಬಾಯಿ ಒಬ್ಬಳೇ, ಜೋಳದ ಗಂಜಿ ಹಿಡಿದುಕೊಂಡು, ಹೊಸಾ ಗಡಿಗ್ಯಾಗ ಕಾಸೀನಪ್ಪಾ, ಇದಕ್ಕ ಮೀನ ಮುಟ್ಟಿಸಿಲ್ಲ, ಕುಡೀ, ಅಂದಳು, ನಾನು ಕುಡಿದೆ, ಕಣ್ಣಲ್ಲಿ ನೀರು ಬಂತು, ಜ್ವರದ ನೀರಲ್ಲ ಅದು — ಏನ್ರೀ ಕಲ್ಯಾಣಪ್ಪಾ, ಖರೇನ? ಬಸವಂತರಾಯರು ಪೂರ್ತಿ ತಿರುಗಿ ಕೂತಿದ್ದಾರೆ, ಕನ್ನಡಕದ ಮೇಲಿನಿಂದ ನೋಡುತ್ತಿದ್ದಾರೆ. ಮಾಸ್ತರರಿಗೆ ಇದ್ಯಾವುದರ ಪರಿವೆ ಇಲ್ಲ, ಉತ್ತರಾನೂ ಇಂಗ್ಲಿಷಿನ್ಯಾಗೇ ಕೊಡ್ರಿ ಎಂದರು. ನನ್ನ ಕೈ ಅಂಗಿಯ ಮೇಲಿಂದ ಲಿಂಗವನ್ನು ಮುಟ್ಟಿಕೊಂಡಿತು, ಜಾತಿ ಕೇಳಬ್ಯಾಡ ಎಂದು ಹೇಳಿಕೊಟ್ಟವರ ಒಕ್ಕಲು ನಾನು, ದಿನಾ ಬೆಳಿಗ್ಗೆ ಬಸವಾ ಬಸವಾ ಅನ್ನುವ ಬಾಯಿ ನನ್ನದು, ಆ ಬಾಯಿ ತೆರೆಯಿತು. ನೋ ಸರ್. ಐ ಡು ನಾಟ್ ಈಟ್ ಇನ್ ಹಿಸ್ ಹೌಸ್. ಶಾಬಾಸ್, ಒಂದೂ ತಪ್ಪಿಲ್ಲ, ಎಂದರು ಮಾಸ್ತರರು! ಒಂದೂ ತಪ್ಪಿಲ್ಲವಂತೆ. ಹಂಗಾದ್ರ ನೀ ಸುಳ್ಳ ವಾಕ್ಯ ಹೇಳಿದಿ ಏನೋ ಅಂಬರಾಯಾ, ಎಂದು ಮಾಸ್ತರರು ಕೇಳಿದಾಗ ಅವನು ನನ್ನನ್ನು ನೋಡಿದ, ಜಾಸ್ತಿ ಹೊತ್ತಲ್ಲ, ಹೌದ್ರಿ ಸರ್, ಬ್ಯಾರೆ ವಾಕ್ಯ ನೆಪ್ಪಾಗಲಿಲ್ರಿ, ಹಂಗೇ ಜೋಡ್ಸಿ ಹೇಳ್ದ್ಯ, ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಥೂ, ನಾನೂ ನಕ್ಕೆನಲ್ಲ.

ಕ್ಲಾಸು ಮುಗಿದು ಕತ್ತಲಾಗಿದೆ, ದಿನಾ ಹೆಗಲಿಗೆ ಹೆಗಲು ತಾಗಿಸಿ ಬರುವವನು ಇವತ್ತು ಹಳಿಗುಂಟ ಮುಂದೆ ಹೋಗುತ್ತಿದ್ದಾನೆ, ಕೂಗಲೇ, ಕೂಗಿ ಏನೆನ್ನಲಿ, ಪಕ್ಕದಲ್ಲಿ ಬಸವಂತರಾಯರಿದ್ದಾರೆ, ಆ ಹುಡುಗ ಭಾಳ ಸಲಿಗಿ ತಗೊಂಡಾನ ನಿಮ್ಮ ಜೋಡಿ, ದೂರ ಇಡ್ರಿ, ಎನ್ನುತ್ತಾರೆ, ಹೌದ್ರಿ, ಎನ್ನುತ್ತೇನೆ, ಹೌದ್ರಿ ಹೌದ್ರಿ, ನಾಲಿಗೆಗೆ ಮೂಳೆಯೇ ಇಲ್ಲ. ಹಬೆ ಬಿಡುವ ಇಂಜಿನ್, ಕಲ್ಲಿದ್ದಲ ವಾಸನೆ, ಅದರೊಳಗೇ ರೊಟ್ಟಿ ಸುಡುವ ವಾಸನೆ ಬಂತು, ಅಂಬರಾಯನ ಮನೆ ಬಂತು, ಬೇರೆ ದಾರಿ ಹಿಡಿಯಬೇಕಿತ್ತು, ಬುದ್ಧಿಗೇಡಿ, ಬೇರೆ ದಾರಿ ಹಿಡಿಯಬೇಕಿತ್ತು — ಬಾಗಿಲ ಬೆಳಕಿನಲ್ಲಿ ಹೀರಾಬಾಯಿ ನಿಂತಿದ್ದಾಳೆ, ತಲೆ ಮೇಲೆ ಸೆರಗಿಲ್ಲ, ಮಗನ ಮುಂದೆ ನಿಂತ ಹಾಗೆ, ಕೈತುಂಬ ಜೋಳದ ಹಿಟ್ಟು, ಆ ಕೈಯನ್ನೇ ನನ್ನ ಕಡೆ ಬೀಸಿ, ಬಾರೋ ನನ್ನಪ್ಪಾ, ಎಷ್ಟೊತ್ತಲೇ, ರೊಟ್ಟಿ ಆರಾಕತ್ತಾವ! ಬಸವಂತರಾಯರ ಕಾಲು ನಿಂತಿತು. ಈಗಲಾದರೂ ಹೇಳು, ಈಗಲಾದರೂ, ಬಂದೆ ಅವ್ವಾ ಎಂದರೆ ಸಾಕು, ಎರಡೇ ಮಾತು, ಕನ್ನಡದ ಎರಡು ಮಾತು. ಅಂಬರಾಯನೇ ಬಾಯಿ ಬಿಟ್ಟ, ಅವ್ವಾ, ಒಳಗ ನಡೀ, ಅವ್ರು ನಮ್ಮ ಮನ್ಯಾಗ ಉಣ್ಣೂದಿಲ್ಲ. ಅವಳು ಮಗನನ್ನು ನೋಡಿದಳು, ಬಸವಂತರಾಯರನ್ನು ನೋಡಿದಳು, ಆಮೇಲೆ ನನ್ನನ್ನು, ಬೈಯುತ್ತಾಳೆ ಅಂದುಕೊಂಡೆ, ಬೈಯಲಿ, ಕೂಗಿ ಊರಿಗೆಲ್ಲ ಹೇಳಲಿ ಎಂದು ಆಸೆಪಟ್ಟೆ. ತಪ್ಪಾತ್ರೀ ಯಪ್ಪಾ, ಎಂದಳು, ಕತ್ತಲದಾಗ ಗುರ್ತು ಸಿಗಲಿಲ್ರಿ, ನಮ್ಮೋರು ಯಾರೋ ಅಂತ ಕರದ್ಯ. ಇರ್ಲಿ ಬಿಡವಾ, ಎಂದು ಬಸವಂತರಾಯರು ಹೆಜ್ಜೆ ಹಾಕಿದರು, ನಡೀರಿ ಕಲ್ಯಾಣಪ್ಪಾ, ಇವತ್ತ ನಮ್ಮಲ್ಲೇ ಉಂಡು ಹೋಗ್ರಿ. ನಡೆಯುತ್ತಿದ್ದೇನೆ, ಕಾಲು ನಡೆಯುತ್ತಿವೆ, ಹಿಂದೆ ಬಾಗಿಲು ಮುಚ್ಚಿದ ಸದ್ದೂ ಕೇಳಲಿಲ್ಲ, ಗುರ್ತು ಸಿಗಲಿಲ್ರಿ ಅಂದಳು, ಅನ್ನುತ್ತಾ ಆ ಹಿಟ್ಟಿನ ಕೈಯಿಂದಲೇ ಸೆರಗು ತಲೆ ಮೇಲೆ ಎಳೆದುಕೊಂಡಳು, ನನ್ನ ಮುಂದೆ, ಪರಗಂಡಸಿನ ಮುಂದೆ ಎಳೆದುಕೊಂಡ ಹಾಗೆ, ಹಸಿರು ಸೆರಗಿನ ಮೇಲೆ ಐದೂ ಬೆರಳು ಬೆಳ್ಳಗೆ ಮೂಡಿದವು, ನಾನು ನೋಡಿದೆ, ಐದೂ ಬೆರಳು, ಬೆಳ್ಳಗೆ