ತೋಫು ಅಜ್ಜಿಯ ಎಡ ಅಂಚು

ಊಟ ಮುಗಿಸಿ ಬರುವಷ್ಟರಲ್ಲಿ ಕುರಮೋಚಿ ಸಾನ್ ನನ್ನ ತೋಫು ಅಜ್ಜಿಯನ್ನು ಕೊಂದಿದ್ದರು.

ಅಜ್ಜಿ ಎಂದರೆ ಹೆಬ್ಬೆರಳೆತ್ತರದ ಗೊಂಬೆ. ಯಂತ್ರಕ್ಕೆ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಉಂಡೆಯೊಳಗೆ ಉರುಳಿಬರುವ ಬೀದಿ ವ್ಯಾಪಾರಿಗಳ ಸರಣಿಯಲ್ಲಿ, ಮೀನು ಮಾರುವವನ ನಂತರ, ಕೊನೆಯವಳು. ಮುಂದೆ, ಹಿಂದೆ, ಎರಡು ಪಕ್ಕ ಹೀಗೆ ನಾಲ್ಕು ಕಡೆಯಿಂದ ಚಿತ್ರ ಬರೆದು, ಬಣ್ಣ ಗುರುತಿಸಿ, ಗೊಂಬೆ ಎರಕ ಹೊಯ್ಯುವ ಅಚ್ಚಿನವರಿಗೆ ಕೊಡುವುದು ನನ್ನ ಕೆಲಸ. ಈ ಮುಖ ಮಾತ್ರ ಕಲ್ಪನೆಯದಲ್ಲ. ಟೋಕಿಯೊದ ಗಲ್ಲಿಗಳಲ್ಲಿ ಕಹಳೆ ಊದಿಕೊಂಡು ಸೋಯಾ ಹಾಲಿನ ತೋಫು ಮಾರಿದ ನನ್ನ ಅಜ್ಜಿಯದು. ಹೋದ ಚಳಿಗಾಲ ಅವಳಿಗೆ ಕೊನೆಯ ಕಿಮೋನೊ ಉಡಿಸಿದ್ದೂ ನಾನೇ. ಎದೆಯ ಮುಂದೆ ಬಲ ಅಂಚನ್ನು ಎಡ ಅಂಚಿನ ಮೇಲೆ ತಂದು ಮಡಿಸಿದೆ. ಸತ್ತವರಿಗೆ ಹಾಗೆ. ಬದುಕಿರುವವರಿಗೆ ಎಡ ಅಂಚೇ ಮೇಲೆ.

ಮೇಜಿನ ಮೇಲಿದ್ದ ಹೊಸ ಪ್ರತಿಯಲ್ಲಿ ಬಲ ಅಂಚು ಮೇಲಿತ್ತು. ವಿಭಾಗದ ಮುಖ್ಯಸ್ಥರಾದ ಕುರಮೋಚಿ ಸಾನ್ ನನ್ನ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟಿದ್ದರು.

"ಮೀನಿನವನೂ ಇವಳೂ ಎದುರುಬದುರು ನಿಂತ್ರೆ ಪೋಸ್ಟರ್ ಚೆನ್ನಾಗಿರುತ್ತೆ ನಾಗುಮೊ," ಎಂದರು. "ನಿನ್ನ ಒಪ್ಪಿಗೆ ಮುದ್ರೆ ಒತ್ತಿಬಿಡು, ಅಚ್ಚಿನವರು ಕಾಯ್ತಿದಾರೆ."

"ಅಂಚು..." ಎಂದೆ.

"ಸ್ವಲ್ಪ ಗಂಟಲಿಂದ ಮಾತಾಡಮ್ಮ. ಸೊಳ್ಳೆನಾದ್ರೂ ನಿನಗಿಂತ ಜೋರಾಗಿ ಗುಂಯ್ ಅನ್ನುತ್ತೆ."

ಪಕ್ಕದ ಮೇಜಿನ ಒಬಾತಾ ಕಿಸಕ್ಕೆಂದ.

"ಅಂಚು ತಿರುಗಿದೆ. ಸತ್ತವರ ಥರ."

ಕನ್ನಡಕ ಏರಿಸಿ ನೋಡಿದರು. "ಇಷ್ಟೇ ತಾನೆ? ಈ ಚೋಟುದ್ದದ ಗೊಂಬೇನ ಯಾರು ಭೂತಗನ್ನಡಿ ಹಿಡಿದು ನೋಡ್ತಾರೆ?"

ಇಂಥ ದಿನಗಳಲ್ಲಿ ರೂಮಿಗೆ ಹೋಗಿ ಡೈರಿಯಲ್ಲಿ ಇವರನ್ನು ಬಾಯಿಗೆ ಬಂದಂತೆ ಬೈಯುತ್ತೇನೆ, ಮರುದಿನ ಎಲ್ಲರಿಗಿಂತ ಮೊದಲು ಬಗ್ಗಿ ನಮಸ್ಕರಿಸುತ್ತೇನೆ. ಇವತ್ತಿನ ಸಿಟ್ಟು ಡೈರಿಯವರೆಗೆ ತಡೆಯುವಂತಿರಲಿಲ್ಲ.

ನಾಳೆಯ ಆಟಿಕೆ ಮೇಳದಲ್ಲಿ ನಾವೆಲ್ಲ ತೊಡಬೇಕಾದ ಹತ್ತಿ ಕಿಮೋನೊಗಳು ಗೋಡೆಯಲ್ಲಿ ನೇತಾಡುತ್ತಿದ್ದವು. ಅವರದನ್ನು ತೆಗೆದು ಹಿಡಿದೆ.

"ಹಾಕ್ಕೊಳಿ. ಅಳತೆ ನೋಡೋಣ."

"ಅಬ್ಬಾ, ಇವತ್ತು ಉಪಚಾರ ಬೇರೆ," ಎಂದು ನಗುತ್ತ ಅಂಗಿಯ ಮೇಲೆಯೇ ತೋಳು ತೂರಿಸಿದರು. ನಾನು ಎಡ ಅಂಚನ್ನು ಒಳಗೆ ಸರಿಸಿ, ಬಲ ಅಂಚನ್ನು ಮೇಲೆ ಎಳೆದೆ.

ಅವರು ಅಂಚನ್ನು ನನ್ನ ಕೈಯಿಂದ ಕಿತ್ತುಕೊಂಡರು. ನಗು ಹಾರಿಹೋಗಿತ್ತು.

"ಏನಿದು ಹುಡುಗಾಟ? ಅಪಶಕುನ."

"ನಾಳೆ ಹೀಗೇ ನಿಂತ್ಕೊಳಿ. ಯಾರು ಭೂತಗನ್ನಡಿ ಹಿಡಿದು ನೋಡ್ತಾರೆ?"

ಸ್ವರ ನನ್ನದೇ, ಆದರೆ ಮೂಲೆಯ ಮೇಜಿನವರೆಗೂ ಮುಟ್ಟಿತ್ತು. ಒಬಾತಾ ತಲೆ ತಗ್ಗಿಸಿ ಪೆನ್ಸಿಲ್ ಚೂಪು ಮಾಡತೊಡಗಿದ.

ಕುರಮೋಚಿ ಸಾನ್ ಎಡ ಅಂಚನ್ನು ಮೇಲೆ ತಂದು, ನೆರಿಗೆಯೂ ಇಲ್ಲದ ಬಟ್ಟೆಯನ್ನು ಎರಡೆರಡು ಸಲ ನೀವಿಕೊಂಡರು.

"ನಿನ್ನ ಹಳೇ ಚಿತ್ರಾನೇ ಕಳಿಸು," ಎಂದರು, ನನ್ನ ಕಡೆ ನೋಡದೆ. "ಮೀನಿನವನು ಬೇಕಾದ್ರೆ ಬೆನ್ನು ತೋರಿಸ್ಕೊಂಡು ನಿಂತ್ಕೊಳ್ಳಲಿ."

ಅವರು ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹಳೆಯ ಚಿತ್ರ ಹರಡಿ, ಅಜ್ಜಿಯ ಎಡ ಅಂಚಿಗೆ ಬಾಣ ಎಳೆದು 'ಇದು ಮೇಲೆ' ಎಂದು ದಪ್ಪಗೆ ಬರೆದೆ. ಮುದ್ರೆ ಒತ್ತಿದ ರಭಸಕ್ಕೆ ಕೆಂಪು ಶಾಯಿ ಚೌಕದಾಚೆಗೂ ಹರಡಿತು.