ಸಪ್ಪೆ ಸೋಪಿನ ಮನೆ

ಸೊಸೆಗೆ ಫ್ಯಾಕ್ಟರಿಯಲ್ಲಿ 'ಮೂಗಿನ ಮೇಡಂ' ಎಂದೇ ಹೆಸರು. ಸೆಂಟು ತಯಾರಿಸುವ ಆ ಸಣ್ಣ ಫ್ಯಾಕ್ಟರಿಯಲ್ಲಿ ಯಾವುದಕ್ಕೆ ಯಾವುದನ್ನು ಎಷ್ಟು ಹನಿ ಬೆರೆಸಬೇಕೆಂದು ತೀರ್ಮಾನಿಸುವುದು ಅವಳ ಮೂಗೇ. ಮೂಗೇ ಅನ್ನ ಹಾಕುತ್ತಿರುವಾಗ ಮನೆಮಂದಿಯೆಲ್ಲ ಅದರ ಮರ್ಜಿ ಕಾಯಬೇಕಾದದ್ದು ಸಹಜವೇ. ಹಾಗಾಗಿ ಅವಳ ಮನೆಯಲ್ಲಿ ಘಮದ ಸೋಪಿಲ್ಲ, ಪೌಡರಿಲ್ಲ, ತಲೆಗೆ ಹಚ್ಚುವ ಎಣ್ಣೆಗೂ ಪರಿಮಳವಿಲ್ಲ. ದಿನವಿಡೀ ದುಡಿದ ಮೂಗಿಗೆ ಮನೆಯಲ್ಲಿ ವಿಶ್ರಾಂತಿ ಸಿಗದಿದ್ದರೆ ಮರುದಿನ ಅದು ಕೈಕೊಡುತ್ತದೆ.

ಮದುವೆಯಾದ ಹೊಸದರಲ್ಲಿ ಗಂಡ ಸ್ವಲ್ಪ ಗೊಣಗಿದ್ದ. ಅತ್ತೆ ಗೊಣಗಲಿಲ್ಲ. "ನನಗೂ ವಾಸನೆ ಅಂದ್ರೆ ತಲೆನೋವು ಕಣಮ್ಮ. ಒಳ್ಳೇದೇ ಆಯ್ತು ಬಿಡು" ಎಂದು, ಕನ್ನಡಿಯ ಮುಂದಿದ್ದ ಪೌಡರ್ ಡಬ್ಬಿಯನ್ನು ಅವತ್ತೇ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದರು. ತಲೆನೋವಿನವರ ಬಳಿ ಪೌಡರ್ ಡಬ್ಬಿ ಯಾಕಿತ್ತು ಎಂದು ಸೊಸೆಗೆ ಹೊಳೆಯಲಿಲ್ಲ. ಅಷ್ಟು ದೊಡ್ಡ ಮೂಗಿನ ಹಿಂದೆ ಅಷ್ಟು ಸಣ್ಣ ವಿಷಯ ಮರೆಯಾಗಿಹೋಯಿತೋ ಏನೋ.

ಈಗ ಅವಳ ತಲೆ ತಿನ್ನುತ್ತಿದ್ದುದು ಬೇಸಿಗೆಗೆಂದು ತಯಾರಾಗುತ್ತಿದ್ದ ಒಂದು ಹಣ್ಣಿನ ಸೆಂಟು. ಪೀಚ್ ಹಣ್ಣು, ಕರಬೂಜ, ಹಿನ್ನೆಲೆಗೆ ಒಂದಿಷ್ಟು ದ್ರಾಕ್ಷಿ. ತಿಂಗಳುಗಟ್ಟಲೆ ಕೂತು ಬೆರೆಸಿದ್ದಳು. ಆದರೆ ಅದಿನ್ನೂ ಕುರ್ಚಿ ದಾಟಿರಲಿಲ್ಲ.

ಕುರ್ಚಿ ಎಂದರೆ ಯಜಮಾನರ ಖಾಲಿ ಕುರ್ಚಿ. ವಾಸನೆ ನೋಡುವ ಕೋಣೆಯ ಮೇಜಿನ ಸುತ್ತ ಎಲ್ಲರೂ ಕೂತಮೇಲೆ ಒಂದು ಕುರ್ಚಿಯನ್ನು ಖಾಲಿ ಬಿಡುವುದು ಅಲ್ಲಿನ ಪದ್ಧತಿ. ಹೊಸ ಸೆಂಟಿನಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಆ ಕುರ್ಚಿಯ ಬೆನ್ನಿಗೆ ಸಿಕ್ಕಿಸಿ ಯಜಮಾನರು ಕಣ್ಣು ಮುಚ್ಚುತ್ತಾರೆ. "ಹೇಳಿ, ಯಾರು ಬಂದು ಕೂತಿದ್ದಾರೆ?" ಎಂದು ಕೇಳುತ್ತಾರೆ. ಯಾರೋ ಬಂದು ಕೂತಂತೆ ಅನ್ನಿಸಿದರೆ ಆ ಸೆಂಟು ಬಾಟಲಿಗೆ, ಇಲ್ಲದಿದ್ದರೆ ಮೋರಿಗೆ. ಹೊರಗಿನವರಿಗೆ ಹುಚ್ಚಾಟ ಅನ್ನಿಸಬಹುದು, ಆದರೆ ಆ ಕುರ್ಚಿ ಇದುವರೆಗೆ ಮೋಸ ಮಾಡಿರಲಿಲ್ಲ.

ಶನಿವಾರ ಪಟ್ಟಿ ಸಿಕ್ಕಿಸಿದ್ದಾಯಿತು. ಮಾರಾಟದ ಮ್ಯಾನೇಜರ್ ಮೊದಲು ಬಾಯಿ ಬಿಟ್ಟ. "ಕಾಲೇಜು ಹುಡುಗಿ ಸಾರ್. ಕೈಯಲ್ಲಿ ಐಸ್‌ಕ್ರೀಂ, ಸುಮ್ ಸುಮ್ನೆ ನಗ್ತಾಳೆ."

"ಅವಳು ಎಲ್ಲಾ ಕಂಪನಿ ಬಾಟಲಿಯಲ್ಲೂ ನಗ್ತಾನೇ ಇದ್ದಾಳಲ್ಲಯ್ಯಾ. ಅವಳಿಗೂ ಸುಸ್ತಾಗಿರುತ್ತೆ" ಎಂದರು ಯಜಮಾನರು. ಆಮೇಲೆ ಸೊಸೆಯ ಕಡೆ ತಿರುಗಿದರು. "ಮೇಡಂ, ಹಣ್ಣಿನಂಗಡಿ ಬಂದು ಕೂತಿದೆ. ಆಳು ಬಂದಿಲ್ಲ. ಸೋಮವಾರ ಕೊನೇ ಸಲ ನೋಡೋಣ. ಆಗಲಿಲ್ಲ ಅಂದ್ರೆ ಈ ಬೇಸಿಗೆಗೆ ಹೊರಗಡೆಯಿಂದ ರೆಡಿ ಮಾಲು ತರಿಸ್ತೀನಿ, ಬೇಜಾರು ಮಾಡ್ಕೋಬೇಡಿ."

ಬೇಜಾರಾಗದೆ ಇರುತ್ತದೆಯೇ? ತನ್ನ ಕೈಯ ಸೆಂಟು ಮೋರಿ ಸೇರುವುದಕ್ಕಿಂತ, ಅದರೊಳಗೆ ಯಾರೂ ಇಲ್ಲ ಎಂಬ ಮಾತು ಅವಳನ್ನು ಹೆಚ್ಚು ಚುಚ್ಚಿತು, ಯಾಕೆಂದರೆ ಅದು ನಿಜವಾಗಿತ್ತು. ಆ ತಳಮಳದಲ್ಲೇ ಮನೆಗೆ ಹೊರಟವಳು, ಎಂದೂ ಮಾಡದ ತಪ್ಪೊಂದನ್ನು ಮಾಡಿದಳು. ಮಾದರಿಯ ಪುಟ್ಟ ಸೀಸೆಯನ್ನು ಬಿಳಿ ಕೋಟಿನ ಜೇಬಿನಲ್ಲೇ ಮರೆತು, ಕೋಟನ್ನು ಒಗೆಯಲು ಮನೆಗೆ ತಂದಳು.

ಭಾನುವಾರ ಅವಳು ಸಾಮಾನು ತರಲು ಹೋಗಿದ್ದಳು. ಮರಳಿ ಬಂದು ಮೆಟ್ಟಿಲು ಹತ್ತುವಾಗಲೇ ಅತ್ತೆಯ ದನಿ ಕೇಳಿಸಿತು. ಬಾಲ್ಕನಿಯಿಂದ ಕೆಳಗಿನ ತಳ್ಳುಗಾಡಿಯವನ ಜೊತೆ ಜಗಳವಾಡುತ್ತಿದ್ದರು. "ದ್ರಾಕ್ಷಿ ಸಿಹಿ ಅಂತ ನೀನು ಹೇಳಿದ್ರೆ ಆಗೋಯ್ತಾ? ನಾಲ್ಕು ಮೇಲಕ್ಕೆ ಎಸಿ, ನನ್ನ ನಾಲಿಗೆ ಹೇಳಲಿ!" ಅವನು ಎಸೆದನೋ, ಇವರು ಹಿಡಿದರೋ, ಇಬ್ಬರೂ ಜೋರಾಗಿ ನಕ್ಕರು.

ಬಾಗಿಲು ತೆರೆದ ಸೊಸೆ ಅಲ್ಲೇ ನಿಂತಳು. ಇಪ್ಪತ್ತು ವರ್ಷ ಯಾವ ಘಮವೂ ಇಲ್ಲದ ಮನೆಯಲ್ಲಿ ಘಮ! ಪೀಚ್, ಕರಬೂಜ, ದ್ರಾಕ್ಷಿ. ತನ್ನದೇ. ಮೊದಲು ಬಂದದ್ದು ಸಿಟ್ಟು. ಮರುಕ್ಷಣ ಮೂಗು ಸಿಟ್ಟನ್ನು ಪಕ್ಕಕ್ಕೆ ತಳ್ಳಿತು. ಕಾಗದದ ಮೇಲೆ ಅಂಗಡಿಯ ಹಾಗೆ ಸಾಲಾಗಿ ನಿಲ್ಲುತ್ತಿದ್ದ ಹಣ್ಣುಗಳು ಈಗ ಅತ್ತೆಯ ಮೈಬಿಸಿಗೆ ಕರಗಿ ಒಂದಾಗಿದ್ದವು. ತುಂಟತನವಿತ್ತು, ತಾನು ಬಂದಿದ್ದೇನೆಂದು ಸಾರಿ ಹೇಳುವ ಗತ್ತೂ ಇತ್ತು. ಕಣ್ಣು ಮುಚ್ಚಿದ್ದರೆ ಯಾರೋ ಎದುರಿಗೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ ಹಾಗಿತ್ತು.

ತಿರುಗಿ ಸೊಸೆಯನ್ನು ಕಂಡ ಅತ್ತೆಯ ನಗು ಆರಿಹೋಯಿತು. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳತೊಡಗಿದರು. "ಕೋಟು ನೆನೆಸೋಣ ಅಂತ ಜೇಬು ನೋಡಿದೆ ಕಣೇ... ಎರಡೇ ಹನಿ. ಈಗಲೇ ತೊಳ್ಕೊಂಡು ಬರ್ತೀನಿ, ಕಿಟಕಿ ತೆಗಿ ನೀನು. ನಿನ್ನ ಮೂಗು ಕೆಟ್ಟುಹೋದೀತು."

"ಅತ್ತೆ, ನಿಲ್ಲಿ. ನಿಮಗೆ ತಲೆನೋವು ಬರಲಿಲ್ವಾ?"

"ಯಾವ ತಲೆನೋವು?" ಎಂದುಬಿಟ್ಟರು ಅತ್ತೆ. ಬಾಯಿಜಾರಿದ್ದು ತಿಳಿದು ತುಟಿ ಕಚ್ಚಿಕೊಂಡರು.

ಸೊಸೆ ಚೀಲವನ್ನು ನೆಲಕ್ಕಿಟ್ಟು ಅಲ್ಲೇ ಕೂತಳು. ಅತ್ತೆಯೂ ಬಂದು ಎದುರಿಗೆ ಕೂತರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವರಿಗೂ ಅನ್ನಿಸಿರಬೇಕು. "ಚಿಕ್ಕವಳಿದ್ದಾಗ ಸೆಂಟು ಯಾರು ಕೊಡಿಸ್ತಿದ್ರು? ಕಿತ್ತಳೆ ಸಿಪ್ಪೆ ಹಿಂಡಿ ಕುತ್ತಿಗೆಗೆ ಹಚ್ಕೋತಿದ್ದೆ. ಕಣ್ಣಿಗೆ ಸಿಡಿದು ಉರಿ ಬೇರೆ! ನಾನು ಬರ್ತಿದೀನಿ ಅಂದ್ರೆ ಬೀದಿ ತುದಿಗೇ ಗೊತ್ತಾಗ್ತಿತ್ತು. ನಿನ್ನ ಮಾವನಿಗೂ ಹಾಗೇ ಗೊತ್ತಾಗಿದ್ದು ಅನ್ನು."

"ಮತ್ತೆ ನನಗ್ಯಾಕೆ ಸುಳ್ಳು ಹೇಳಿದ್ರಿ?"

"ಹೊಸ ಸೊಸೆ, ಹೊಸ ಕೆಲಸ. ಅತ್ತೆ ಕೈಲಿ ಪೌಡರ್ ಬಿಡಿಸಿದೆ ಅಂತ ನೀನು ಕೊರಗೋದು ಬೇಡ ಅಂತ ಹೇಳಿದೆ. ಆಮೇಲೆ ಅದೇ ರೂಢಿ ಆಯ್ತು ಬಿಡು."

ಸೊಸೆಗೆ ನಾಚಿಕೆಯಾಯಿತು, ಪ್ರೀತಿಯೂ ಉಕ್ಕಿತು, ಎರಡರಲ್ಲಿ ಯಾವುದು ಹೆಚ್ಚೆಂದು ಹೇಳಲಾಗಲಿಲ್ಲ. ಊರಿನ ಗಾಳಿಯನ್ನೆಲ್ಲ ಜಾಲಾಡುವ ಮೂಗು ಪಕ್ಕದಲ್ಲೇ ಕೂತು ಉಂಡವರನ್ನು ಗುರುತಿಸಿರಲಿಲ್ಲ. ಈ ಮನೆಯ ಸಪ್ಪೆತನ ಅತ್ತೆಯ ಸ್ವಭಾವವೆಂದೇ ಅವಳು ತಿಳಿದಿದ್ದಳು.

ಸೋಮವಾರ ಅವಳು ಬೇಗ ಹೋಗಿ ಸೆಂಟಿಗೆ ಕಿತ್ತಳೆ ಸಿಪ್ಪೆಯ ಕಹಿಯನ್ನು ಒಂದಿಷ್ಟು ಸೇರಿಸಿದಳು. ಅತ್ತೆ ಬರೀ ಸಿಹಿಯಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹನ್ನೊಂದಕ್ಕೆ ಎಲ್ಲರೂ ಕೂತಾಗ ಯಜಮಾನರು, "ಪಟ್ಟಿ ಎಲ್ಲಿ ಮೇಡಂ?" ಎಂದು ಕೈ ಚಾಚಿದರು.

"ಈ ಸಲ ಪಟ್ಟಿ ಇಲ್ಲ ಸಾರ್. ಕಾಗದಕ್ಕೆ ಮೈ ಬಿಸಿ ಇರಲ್ಲ. ಕಣ್ಣು ಮುಚ್ಚಿ."

ಸೊಸೆ ಹೇಳಿದಂತೆ ಬಂದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅತ್ತೆ ಹೊಸ ಸೆಂಟನ್ನು ಕುತ್ತಿಗೆಗೆ ಹಚ್ಚಿಕೊಂಡು ಒಳಗೆ ಬಂದರು. ಗಟ್ಟಿ ಬೆಂಚಿಗೆ ಸೊಂಟ ಹಿಡಿದಿದ್ದವರು ಖಾಲಿ ಕುರ್ಚಿ ಕಂಡದ್ದೇ ಕೂತುಬಿಟ್ಟರು.

ಯಜಮಾನರು ಕಣ್ಣು ಮುಚ್ಚಿಕೊಂಡೇ ಕುರ್ಚಿಯ ಕಡೆ ಬಾಗಿ ಮೂಗೆಳೆದರು. ಆಮೇಲೆ ಮೆಲ್ಲಗೆ ನಗುತ್ತ ಅಂದರು. "ಬಂದಿದ್ದಾಳೆ. ಮಾತು ಜಾಸ್ತಿ. ರುಚಿ ನೋಡದೆ ಹಣ್ಣು ಕೊಳ್ಳೋಳಲ್ಲ. ಯಾರನ್ನಾದ್ರೂ ನಗಿಸದೆ ಬಿಡಲ್ಲ, ಆದ್ರೆ ಬೇಕಾದ್ದನ್ನ ಬಾಯಿಬಿಟ್ಟು ಕೇಳೋಳೂ ಅಲ್ಲ. ವಯಸ್ಸು ಮಾತ್ರ ಗೊತ್ತಾಗ್ತಿಲ್ಲ."

"ಗೊತ್ತಾಗೋದೂ ಬೇಡ" ಎಂದರು ಅತ್ತೆ.

ಯಜಮಾನರು ಬೆಚ್ಚಿ ಕಣ್ಣು ತೆರೆದರು. ಕೋಣೆಯೆಲ್ಲ ನಗುವಾಯಿತು. ಯಜಮಾನರು ಹೇಳಿದ್ದನ್ನು ಮ್ಯಾನೇಜರ್ ಆಗಲೇ ಡಬ್ಬಿಯ ಮೇಲೆ ಹಾಕಲೆಂದು ಗೀಚಿಕೊಳ್ಳುತ್ತಿದ್ದ. ಸೆಂಟು ಗೆದ್ದಿತ್ತು. ಮೊದಲ ಬಾಟಲಿಯನ್ನು ಯಜಮಾನರೇ ತಂದು ಅತ್ತೆಯ ಕೈಗಿಟ್ಟರು.

ಅತ್ತೆ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸೊಸೆಯ ಕಿವಿಯ ಹತ್ತಿರ ಬಗ್ಗಿ, ಯಾರಿಗೂ ಕೇಳಿಸದ ಹಾಗೆ, "ಮನೆಯಲ್ಲೂ ಹಚ್ಕೋಬಹುದೇನೇ?" ಎಂದರು.

ಸೊಸೆ ಅತ್ತೆಯ ಬೆರಳುಗಳನ್ನು ಬಾಟಲಿಯ ಸುತ್ತ ಮಡಿಸಿದಳು. "ಮನೆಯಲ್ಲೇ ಹಚ್ಕೊಳ್ಳಿ ಅತ್ತೆ. ಮೂಗನ್ನ ನಾನು ಇಲ್ಲೇ ಬಿಟ್ಟು ಬರ್ತೀನಿ" ಎಂದಳು.

ಅವತ್ತು ಸಂಜೆ ಅತ್ತೆ ಧಾರಾಳವಾಗಿಯೇ ಹಚ್ಚಿಕೊಂಡಿದ್ದರು. ಒಳಗೆ ಕಾಲಿಟ್ಟ ಸೊಸೆ ಒಂದಾದಮೇಲೊಂದು ಸೀನಿದಳು, ಕಣ್ಣಲ್ಲಿ ನೀರು ಬರುವಷ್ಟು ಸೀನಿದಳು. ಕಿಟಕಿ ಮಾತ್ರ ತೆರೆಯಲಿಲ್ಲ.