ಮೂವತ್ತೇಳನೆಯ ಫೋಟೊ

ಸವಣೂರಿನ ರುಕಿಯಕ್ಕ ಬಂದು ಕೂತು ಅರ್ಧ ಗಂಟೆಯಾದರೂ ಬಂದ ವಿಷಯ ಹೇಳಿರಲಿಲ್ಲ. ಬಸ್ಸಿನ ರಶ್ಶು, ಮೊಣಕಾಲು ನೋವು, ಮುಂದಿನ ತಿಂಗಳು ಸಣ್ಣ ಮಗಳ ನಿಶ್ಚಿತಾರ್ಥ, ಅದಕ್ಕೆ ಫೋಟೊ ತೆಗೆಯಲು ಫೌಝಿಯಾಳೇ ಬರಬೇಕೆಂಬುದು, ಎಲ್ಲ ಆಯಿತು. ಚಹಾದ ಲೋಟ ಕೆಳಗಿಟ್ಟ ಮೇಲೆ ತಾಯಿಯ ಮಾತು ತೆಗೆದರು.

"ಉಮ್ಮ ತೀರಿಹೋಗಿ ನಿನ್ನೆಗೆ ನಲವತ್ತು ದಿನ. ಒಂದು ಫೋಟೊ ಇಲ್ಲ ಫೌಝಿಯಾ."

"ಒಂದೂ ಇಲ್ವಾ?"

"ಆಧಾರ್ ಕಾರ್ಡಿನದ್ದು ಉಂಟು. ಅದರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣ್ತಾಳೆ. ಕ್ಯಾಮೆರಾ ಕಂಡರೆ ಮುಖಕ್ಕೆ ಬಟ್ಟೆ ಎಳೆಯುವ ಹೆಂಗಸು ಅದು. ದೊಡ್ಡ ಮಗಳು ರಂಸೀನಾಳ ಮದುವೆ ಆಲ್ಬಮ್ ಪೂರಾ ನೋಡಿದೆ, ಎಲ್ಲಿಯೂ ಇಲ್ಲ. ನಿನ್ನ ಹತ್ತಿರ ಹಾಳಾದದ್ದು ಏನಾದರೂ ಉಳಿದಿದೆಯಾ ಅಂತ ಕೇಳುದಕ್ಕೆ ಬಂದದ್ದು."

ಕೇಳಿದ ಮೇಲೆ ಅವರೇ ತಲೆ ಆಡಿಸಿದರು. "ಎಲ್ಲಿಂದ ಉಳಿಯುದು? ನೀನು ಎಲ್ಲ ನನ್ನ ಕೈಗೇ ಕೊಟ್ಟಿದ್ದೀ."

ಫೌಝಿಯಾಳ ಹೆಸರು ನಿಂತದ್ದೇ ಆ ಮಾತಿನ ಮೇಲೆ. ಮದುವೆಮನೆಯಲ್ಲಿ ಹೆಂಗಸರ ಕೋಣೆಗೆ ಗಂಡಸರಿಗೆ ಪ್ರವೇಶವಿಲ್ಲ, ಮೊಬೈಲಿಗೂ ಇಲ್ಲ. ರೋಲು ಹಾಕುವ ಅವಳ ಹಳೆಯ ಯಾಶಿಕಾ ಕ್ಯಾಮೆರಾಕ್ಕೆ ಮಾತ್ರ ಉಂಟು. ಮಾವ ಹಿಂದೆ ಗಲ್ಫಿನಿಂದ ತಂದಿದ್ದ ಆ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹಾರುವುದಿಲ್ಲ. ರೋಲನ್ನು ಅವಳು ಕುಂಬ್ರದ ತನ್ನ ಮನೆಯ ಬಚ್ಚಲಿನಲ್ಲಿಯೇ ತೊಳೆಯುತ್ತಾಳೆ, ಪ್ರಿಂಟನ್ನೂ ಅಲ್ಲೇ ಹಾಕುತ್ತಾಳೆ. ಪರಗಂಡಸಿನ ಕಣ್ಣು ಬೀಳುವುದಿಲ್ಲ. ಕೊನೆಗೆ ಮೂವತ್ತಾರು ಫೋಟೊ, ಆರಾರರಂತೆ ಕತ್ತರಿಸಿದ ಆರು ತುಂಡು ನೆಗೆಟಿವ್, ಎಲ್ಲ ಮದುಮಗಳ ತಾಯಿಯ ಕೈಗೆ. ಕಾಲೇಜಿಗೆ ಹೋದ ಹುಡುಗಿಯರಿಗೆ ಕಪ್ಪುಬಿಳುಪು ಈಗ ಹೊಸ ಫ್ಯಾಶನ್. ತಾಯಂದಿರಿಗೆ ನೆಗೆಟಿವ್ ಮನೆಗೆ ಬರುತ್ತದೆಂಬ ಧೈರ್ಯ.

ಯಾರಿಗೂ ಗೊತ್ತಿಲ್ಲದ್ದು ಒಂದಿತ್ತು. ರೋಲನ್ನು ನಾಜೂಕಾಗಿ ಹಾಕಿದರೆ ಮೂವತ್ತಾರರ ಮೇಲೆ ಇನ್ನೊಂದು ಬರುತ್ತದೆ. ಕೆಲಸ ಮುಗಿದು, ಹೆಂಗಸರೆಲ್ಲ ಊಟಕ್ಕೆ ಹೋಗಿ, ಮದುಮಗಳ ಕೋಣೆ ಖಾಲಿಯಾದಾಗ ಫೌಝಿಯಾ ಕನ್ನಡಿಯ ಎದುರು ನಿಂತು ಆ ಒಂದನ್ನು ತನಗೆಂದು ಹೊಡೆದುಕೊಳ್ಳುತ್ತಿದ್ದಳು. ಆಮೇಲೆ ಆ ತುಂಡನ್ನು ಕತ್ತರಿಸಿ ಅತ್ತರಿನ ಖಾಲಿ ಪೆಟ್ಟಿಗೆಯಲ್ಲಿ ಹಾಕುವುದು. ಹತ್ತೊಂಬತ್ತು ಮನೆ, ಹತ್ತೊಂಬತ್ತು ಕನ್ನಡಿ. ಒಮ್ಮೆ ಒಂದನ್ನು ಪ್ರಿಂಟ್ ಹಾಕಿ ಮೊಬೈಲಿನಲ್ಲಿ ಸೌದಿಯ ಜುಬೈಲಿಗೆ, ಗಂಡನಿಗೆ ಕಳಿಸಿದ್ದಳು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬರುವ ಶಾನವಾಝ್ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಕನ್ನಡಿ ಒಳ್ಳೆದುಂಟು ಮಾರಾಯ್ತಿ, ಯಾರ ಮನೆದು?"

ರಂಸೀನಾಳ ಮದುವೆಯ ದಿನವೂ ಹಾಗೇ ಕನ್ನಡಿಯ ಎದುರು ನಿಂತಿದ್ದಳು. ಹಿಂದಿನಿಂದ ಒಂದು ಸ್ವರ ಬಂತು.

"ಎಲ್ಲರದ್ದೂ ನೀನು ತೆಗೆಯುದು. ನಿನ್ನದು ಯಾರು ತೆಗೆಯುದು ಮೋಳೆ?"

ರುಕಿಯಕ್ಕನ ತಾಯಿ ಜೈನಬಮ್ಮ; ಹುಡುಗಿಯರೆಲ್ಲ ಅವರಿಗೆ ಮೋಳೆ, ಮಗಳು. ಇಡೀ ದಿನ ಕ್ಯಾಮೆರಾ ತಪ್ಪಿಸಿಕೊಂಡು ಬಾಗಿಲ ಮರೆಯಲ್ಲಿ ಕೂತಿದ್ದವರು.

"ಯಾರೂ ಇಲ್ಲ ಉಮ್ಮ. ನಾನೇ."

"ಹಾಗಾದರೆ ಒಬ್ಬಳೇ ಯಾಕೆ ನಿಲ್ಲುದು?" ಮುದುಕಿ ಬಂದು ಪಕ್ಕದಲ್ಲಿ ನಿಂತು ಅವಳ ಹೆಗಲಿಗೆ ಕೈ ಹಾಕಿದರು. "ಹ್ಞೂಂ, ಹೊಡಿ. ಬೇಗ, ನನಗೆ ಬುದ್ಧಿ ಬರುವ ಮೊದಲು."

ಆ ತುಂಡು ಈಗ ಕಪಾಟಿನಲ್ಲಿತ್ತು, ರುಕಿಯಕ್ಕ ಕೂತ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರ. ಇಲ್ಲ ಅಂದರೆ ಮುಗಿಯಿತು. ಉಂಟು ಅಂದರೆ, ಎಲ್ಲ ಕೊಟ್ಟೆ ಅಂತ ಪ್ರತಿ ಮನೆಯಲ್ಲಿ ಹೇಳಿದ ಮಾತು ಸುಳ್ಳಾಗುತ್ತದೆ. ಸವಣೂರಿನಲ್ಲಿ ಗೊತ್ತಾದದ್ದು ಒಂದು ವಾರದೊಳಗೆ ಸುಳ್ಯಕ್ಕೂ ಕಡಬಕ್ಕೂ ಮುಟ್ಟುತ್ತದೆ. ಆಮೇಲೆ ಯಾವ ಕೋಣೆಯ ಬಾಗಿಲು ಅವಳಿಗೆ ತೆರೆಯುತ್ತದೆ?

"ಶನಿವಾರ ಬನ್ನಿ," ಅಂದಳು ಫೌಝಿಯಾ. "ಹುಡುಕಿ ನೋಡ್ತೇನೆ."

ಮರುದಿನ ಮಗಳನ್ನು ಶಾಲೆಗೆ ಕಳಿಸಿ, ಬಚ್ಚಲಿನ ಕಿಟಕಿಗೆ ಕಂಬಳಿ ಕಟ್ಟಿ ಕೆಂಪು ಬಲ್ಬು ಹಾಕಿದಳು. ಟ್ರೇಯ ಮದ್ದಿನ ನೀರಿನಲ್ಲಿ ಕಾಗದದ ಮೇಲೆ ಮೊದಲು ಮೂಡಿದ್ದು ಅವಳ ಬುರ್ಖಾದ ಕಪ್ಪು. ಅದರ ಮೇಲೆ ಬೆಳ್ಳಗೆ ಉಳಿದದ್ದು ಜೈನಬಮ್ಮನ ಕೈ, ಐದು ಬೆರಳೂ. ಮುಖ ಬರುವುದಕ್ಕೆ ಸ್ವಲ್ಪ ಹೊತ್ತಾಯಿತು. ಬಾಯಿ ತೆರೆದು ನಗುತ್ತಿದ್ದರು. ಮುಂದಿನ ಎರಡು ಹಲ್ಲು ಇರಲಿಲ್ಲ. ಫೌಝಿಯಾ ತನಗೂ ಒಂದು ಪ್ರಿಂಟಿಗೆಂದು ಇನ್ನೊಂದು ಕಾಗದ ಹೊರತೆಗೆದು, ಕೈಯಲ್ಲಿ ಹಿಡಿದುಕೊಂಡು ನಿಂತು, ಪುನಃ ಡಬ್ಬಿಗೆ ಹಾಕಿ ಮುಚ್ಚಿದಳು. ಒಮ್ಮೆ ಇಟ್ಟುಕೊಂಡದ್ದೇ ಸಾಕು.

ಶನಿವಾರ ರುಕಿಯಕ್ಕ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದರು.

"ನಗ್ತಾ ಇದ್ದಾಳೆ," ಅಂದರು. "ಹಲ್ಲು ಹೋದ ಮೇಲೆ ಬಾಯಿ ಮುಚ್ಚಿಯೇ ನಗುದು ಅವಳು." ಆಮೇಲೆ ಕಣ್ಣು ಪಕ್ಕಕ್ಕೆ ಸರಿಯಿತು. "ಇದು ನೀನಾ?"

"ಹೌದು."

"ನಿನ್ನ ಹತ್ತಿರ ಹೇಗೆ ಉಳಿದದ್ದು?"

ಫೌಝಿಯಾ ಹೇಳಿದಳು. ಮೂವತ್ತೇಳನೆಯದು, ಕನ್ನಡಿ, ಪೆಟ್ಟಿಗೆ, ಯಾವುದನ್ನೂ ಬಿಡಲಿಲ್ಲ. ನೆಗೆಟಿವ್ ತುಂಡನ್ನೂ ಮೇಜಿನ ಮೇಲೆ ಇಟ್ಟಳು.

"ಎಲ್ಲರ ಮನೆಯದ್ದೂ ಉಂಟಾ?"

"ಅದರಲ್ಲಿ ನಾನು ಮಾತ್ರ ಇರುದು ರುಕಿಯಕ್ಕ. ಬೇರೆ ಯಾರೂ ಇಲ್ಲ. ಇದೊಂದರಲ್ಲಿ ಮಾತ್ರ ಇಬ್ಬರು."

ರುಕಿಯಕ್ಕ ಫೋಟೊ ನೋಡಿದರು, ಅವಳನ್ನು ನೋಡಿದರು, ಮತ್ತೆ ಫೋಟೊ ನೋಡಿದರು.

"ಕತ್ತರಿ ಉಂಟಾ?"

"ಕತ್ತರಿಯಾ?"

"ನೀನು ಇದರಲ್ಲಿ ಇದ್ದರೆ ನನ್ನ ತಮ್ಮ ಕೇಳ್ತಾನೆ, ಯಾರ ಹತ್ತಿರ ಇತ್ತು ಇಷ್ಟು ದಿನ ಅಂತ. ನನಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ನಿನಗೇ ಕಷ್ಟ ಆಗುದು."

ಇಪ್ಪತ್ತು ವರ್ಷ ರವಿಕೆ ಹೊಲಿದ ಕೈ ರುಕಿಯಕ್ಕನದ್ದು. ಮೇಲಿನಿಂದ ನೇರ ಬಂದ ಕತ್ತರಿ ಹೆಗಲ ಹತ್ತಿರ ನಿಂತಿತು. ತಾಯಿಯ ಕೈ ತುಂಡಾಗಬಾರದು. ಒಂದೊಂದೇ ಬೆರಳಿನ ಸುತ್ತ, ಕುತ್ತಿಗೆಪಟ್ಟಿ ತಿರುಗಿಸಿದ ಹಾಗೆ ಕತ್ತರಿ ತಿರುಗಿಸಿ, ಕೈಯನ್ನು ಪೂರ್ತಿ ಬಿಡಿಸಿಕೊಂಡು ಕೆಳಗಿನವರೆಗೆ ಕತ್ತರಿಸಿದರು. ಜೈನಬಮ್ಮನನ್ನೂ ನೆಗೆಟಿವನ್ನೂ ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿದರು.

"ಯಾರಿಗೂ ಹೇಳುದಿಲ್ಲ, ಹೆದರಬೇಡ," ಅಂದರು. ಚಪ್ಪಲಿ ಹಾಕಿಕೊಳ್ಳುತ್ತ, ತಲೆ ಎತ್ತದೆ ಸೇರಿಸಿದರು: "ಮತ್ತೆ, ಸಣ್ಣವಳ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರೇ ಫೋಟೊಕ್ಕೆ ಯಾರನ್ನೋ ಕರ್ಕೊಂಡು ಬರ್ತಾರಂತೆ."

"ಆಗಲಿ ರುಕಿಯಕ್ಕ."

ಸವಣೂರಿನ ಬಸ್ಸು ಹೋದ ಸದ್ದು ಕೇಳಿದ ಮೇಲೆ ಫೌಝಿಯಾ ಮೇಜಿನ ಮೇಲಿದ್ದ ಉಳಿದ ಅರ್ಧವನ್ನು ಎತ್ತಿಕೊಂಡಳು. ಕ್ಯಾಮೆರಾದ ಹಿಂದೆ ಅರ್ಧ ಮುಖ, ಎರಡು ಕೈ, ಕಪ್ಪು ಬುರ್ಖಾ. ಒಂದು ಹೆಗಲಲ್ಲಿ ಐದು ಬೆರಳಿನ ಆಕಾರದ ಖಾಲಿ ಜಾಗ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಆ ಜಾಗದಲ್ಲಿ ಅಂಗಳದ ಬಟ್ಟೆಯ ಹಗ್ಗ ಕಾಣಿಸಿತು.

ಅವಳು ಅದನ್ನು ಪೆಟ್ಟಿಗೆಯಲ್ಲಿ ಹಾಕಿದಳು, ಉಳಿದ ಹದಿನೆಂಟರ ಮೇಲೆ.